ರುಚಿ ನೋಡದೆ ಸಾರು ಕುದಿಸುವ ಸಾಲೆಹಾ

ಬೆಳಿಗ್ಗೆ ಏಳು ಗಂಟೆ. ಅಮೆರಿಕದ ಸುವಾನಿ ಎಂಬ ಈ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಉಗುರಿಗೆ ಬಣ್ಣ ಹಚ್ಚುವ ಸಲೂನಿಗೂ ಟ್ಯಾಕ್ಸ್ ಆಫೀಸಿಗೂ ನಡುವೆ ಇರುವ ‘ಲಾನ್ಸ್ ನೂಡಲ್ ಹೌಸ್’ನ ಹಿಂಬಾಗಿಲಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ಸಾಲೆಹಾ ಗ್ಯಾಸಿನ ಉರಿಯ ಮೇಲೆ ನೇರವಾಗಿ ಈರುಳ್ಳಿ, ಶುಂಠಿ ಇಟ್ಟು ಸುಡುತ್ತಿದ್ದಾರೆ. ಸಿಪ್ಪೆ ಕರಿದಾಗುವವರೆಗೆ ಸುಟ್ಟು, ಕೈಯಿಂದ ಉಜ್ಜಿ ತೆಗೆಯುತ್ತಾರೆ, ನಮ್ಮ ಕಡೆ ಗೊಜ್ಜಿಗೆ ಬದನೆಕಾಯಿ ಸುಡುವ ಹಾಗೆಯೇ. ಬೆರಳು ಸುಡುವುದಿಲ್ಲವೇ ಎಂದು ಕೇಳಿದರೆ, "ಐದು ವರ್ಷ ಆಯ್ತಲ್ಲ ಮೇಡಂ, ಅದಕ್ಕೂ ನಂಗೂ ರಾಜಿ ಆಗಿದೆ" ಎಂದು ನಗುತ್ತಾರೆ.

ಒಲೆಯ ಮೇಲೆ ಎರಡು ಪಾತ್ರೆಗಳಿವೆ. ಮಗುವನ್ನು ಕೂರಿಸಿ ಸ್ನಾನ ಮಾಡಿಸಬಹುದು, ಅಷ್ಟು ದೊಡ್ಡವು. ಎಡಗಡೆಯದರಲ್ಲಿ ದನದ ಮೂಳೆಯ ಸಾರು. ಬಲಗಡೆಯದರಲ್ಲಿ ತರಕಾರಿ ಸಾರು. ಮೂಲಂಗಿ, ಕ್ಯಾರೆಟ್, ಎಲೆಕೋಸು, ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡು, ಒಣ ಅಣಬೆ, ಚಕ್ಕೆ, ಚಕ್ರಮೊಗ್ಗು ಎಲ್ಲ ಅದರಲ್ಲಿ ಮೂರು ಗಂಟೆ ಕುದಿಯಬೇಕು. ಇದು ವಿಯೆಟ್ನಾಮಿನವರ ‘ಫೋ’. ಬೇಯಿಸಿದ ಅಕ್ಕಿ ಶಾವಿಗೆಯ ಮೇಲೆ ಕುದಿಯುವ ಸಾರು ಸುರಿದು, ಸೊಪ್ಪು, ಮೊಳಕೆಕಾಳು, ನಿಂಬೆಹೋಳು ಜೊತೆಗಿಟ್ಟು ಕೊಡುತ್ತಾರೆ. ಶಾವಿಗೆ ಎಲ್ಲ ಅಂಗಡಿಯಲ್ಲೂ ಒಂದೇ. ಅಂಗಡಿಯ ಮರ್ಯಾದೆ ಇರುವುದು ಸಾರಿನಲ್ಲಿ.

ಆ ಸಾರನ್ನು ಸಾಲೆಹಾ ಇವತ್ತು ಒಂದು ಹನಿಯೂ ಬಾಯಿಗೆ ಹಾಕುವುದಿಲ್ಲ. ಇದು ರಂಜಾನ್ ತಿಂಗಳು. ಕತ್ತಲಲ್ಲೇ ಸಹರಿ ಊಟ ಮುಗಿಸಿ, ನಮಾಜ್ ಮಾಡಿ, ಹನ್ನೆರಡು ನಿಮಿಷ ಕಾರು ಓಡಿಸಿಕೊಂಡು ಬಂದಿದ್ದಾರೆ. ಇನ್ನು ಸೂರ್ಯ ಮುಳುಗುವವರೆಗೆ ನೀರೂ ಇಲ್ಲ. "ಉಪ್ಪು ನೋಡಿ ಉಗುಳಿದ್ರೆ ರೋಜಾ ಮುರಿಯಲ್ಲ ಅಂತ ಹೇಳೋರೂ ಇದಾರೆ. ಅವ್ರು ತಪ್ಪು ಅಂತ ನಾನು ಹೇಳಲ್ಲ ಮೇಡಂ. ನನ್ನ ಮನಸ್ಸು ಒಪ್ಪಲ್ಲ, ಅಷ್ಟೇ."

ಹಾಗಾಗಿ ಈ ಒಂದು ತಿಂಗಳು ಮೂಳೆ ಸಾರು ಬರೀ ಅಳತೆಯ ಮೇಲೆ ನಡೆಯುತ್ತದೆ, ತರಕಾರಿ ಸಾರಿನ ಮೊದಲ ಚಮಚ ಬೇರೆಯವರ ಬಾಯಿಗೆ ಹೋಗುತ್ತದೆ. ದಿನಾ ಬೆಳಿಗ್ಗೆ ಹತ್ತೂವರೆಗೆ, ಅಂಗಡಿ ತೆರೆಯುವುದಕ್ಕೆ ಅರ್ಧ ಗಂಟೆ ಮುಂಚೆ, ಬಸವಂತಪ್ಪ ಎಂಬ ಎಪ್ಪತ್ತನಾಲ್ಕು ವರ್ಷದ ಹಿರಿಯರು ಬಂದು ರುಚಿ ನೋಡಿ ಹೇಳುತ್ತಾರೆ. ದಾವಣಗೆರೆಯವರು, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಇವತ್ತು ಈ ಊರಿನಲ್ಲಿ ಅವರ ಕೊನೆಯ ದಿನ. ಮಗಳು ಗಂಗಾಂಬಿಕಾ ಅವರ ಬ್ಯಾಂಕಿನ ಕೆಲಸ ದೂರದ ಷಾರ್ಲೆಟ್ ಊರಿಗೆ ವರ್ಗವಾಗಿದೆ, ನಾಳೆ ಬೆಳಿಗ್ಗೆ ಇಡೀ ಸಂಸಾರ ಹೊರಡುತ್ತದೆ. ಹಬ್ಬಕ್ಕೆ ಇನ್ನೂ ಹತ್ತು ದಿನ ಇದೆ. ರುಚಿ ನೋಡುವವರು ಇಲ್ಲದಿದ್ದರೆ ತರಕಾರಿ ಪಾತ್ರೆಯನ್ನು ಒಲೆಯಿಂದ ಇಳಿಸಿಬಿಡು ಎಂದು ಒಡತಿ ಲಾನ್ ಹೇಳಿಯಾಗಿದೆ. ಒಮ್ಮೆ ಇಳಿದ ಪಾತ್ರೆ ಮತ್ತೆ ಒಲೆ ಹತ್ತುವುದಿಲ್ಲ ಎಂಬುದು ಸಾಲೆಹಾಗೆ ಚೆನ್ನಾಗಿ ಗೊತ್ತು.

ನನ್ನ ಮನೆಯಿಂದ ಈ ಅಂಗಡಿಗೆ ಐದು ನಿಮಿಷ. ಈ ಊರಿಗೆ ಬಂದು ಐದು ವರ್ಷವಾದರೂ ಇದರ ಒಳಗೆ ಕಾಲಿಟ್ಟವಳಲ್ಲ. ಒಳ್ಳೆಯ ದೋಸೆ ಸಿಗುತ್ತದೆ ಎಂದರೆ ನಲವತ್ತು ನಿಮಿಷ ಡ್ರೈವ್ ಮಾಡಿ, ಇನ್ನೊಂದು ನಲವತ್ತು ನಿಮಿಷ ಬಾಗಿಲಲ್ಲಿ ನಿಲ್ಲುವ ಜನ ನಾವು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ. ಜೊತೆಗೆ ನಾನೂ ಸಸ್ಯಾಹಾರಿ. ಸಾರಿಗೆ ಏನು ಹಾಕಿದ್ದೀರಿ, ಮೀನಿನ ಸಾಸ್ ಇದೆಯಾ, ಸೌಟು ಬೇರೆಯಾ ಎಂದು ಹತ್ತು ಪ್ರಶ್ನೆ ಕೇಳಿ, ಉತ್ತರ ಸಿಕ್ಕ ಮೇಲೂ ನಂಬದೆ ಎದ್ದುಬರುವವಳು. ಇಲ್ಲಿಗೆ ಬಾರದಿರಲು ಇನ್ನೊಂದು ಕಾರಣವೂ ಇದೆ. ಅದನ್ನೂ ಹೇಳುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ.

ಸಾಲೆಹಾ ಮೈಸೂರಿನ ಮಂಡಿ ಮೊಹಲ್ಲಾದವರು. ವಯಸ್ಸು ನಲವತ್ತೇಳು. ಅಲ್ಲಿ ಒಂದು ಡಯಾಗ್ನೋಸ್ಟಿಕ್ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದರು. ಮದುವೆಯಾಗಿ, ಗಂಡ ಅನ್ವರ್ ಪಾಷಾ ಅವರ ಕಂಪ್ಯೂಟರ್ ಕೆಲಸದ ಹಿಂದೆ ಈ ಊರಿಗೆ ಬಂದರು. 2020ರ ಏಪ್ರಿಲ್‌ನಲ್ಲಿ, ಲೋಕವೆಲ್ಲ ಬಾಗಿಲು ಹಾಕಿಕೊಂಡಾಗ ಅನ್ವರ್ ಅವರ ಕೆಲಸ ಹೋಯಿತು. ಅದೇ ವಾರ ಲಾನ್ ಅವರ ಅಂಗಡಿಯ ಗಾಜಿನ ಮೇಲೆ ಪಾರ್ಸೆಲ್ ಕಟ್ಟುವುದಕ್ಕೆ ಜನ ಬೇಕು ಎಂದು ಚೀಟಿ ಅಂಟಿಸಿದ್ದರು. "ನೂಡಲ್ಸ್ ಅಂದ್ರೆ ನಂಗೆ ಗೊತ್ತಿದ್ದಿದ್ದು ಎರಡು ನಿಮಿಷದ್ದು ಮಾತ್ರ," ಎನ್ನುತ್ತಾರೆ ಸಾಲೆಹಾ. "ಒಂಬತ್ತು ತಿಂಗಳಿಗೆ ಇವರಿಗೆ ಕೆಲ್ಸ ಸಿಕ್ತು. ಬಿಡು ಇನ್ನು ಅಂದ್ರು. ಆದ್ರೆ ಅಷ್ಟರಲ್ಲಿ ಲಾನ್ ಆಂಟಿಗೆ ಹಾಗಾಯ್ತಲ್ಲ."

ಆಗಿದ್ದು ಇಷ್ಟು. 2021ರ ಜನವರಿಯಲ್ಲಿ ಲಾನ್ ಅವರಿಗೆ ಕೋವಿಡ್ ಬಂತು. ಜೀವ ಉಳಿಯಿತು, ನಾಲಿಗೆ ಹೋಯಿತು. ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಮೂವತ್ತು ವರ್ಷದಿಂದ ಸಾರು ಕಾಯಿಸುತ್ತಿದ್ದ ಹೆಂಗಸಿಗೆ ಬಿಸಿನೀರಿಗೂ ಸಾರಿಗೂ ವ್ಯತ್ಯಾಸ ತಿಳಿಯದಾಯಿತು. ಅವರು ತಾವು ಕಲಿತದ್ದನ್ನೆಲ್ಲ ಸಾಲೆಹಾಗೆ ಹೇಳಿಕೊಟ್ಟರು. ಸಾಲೆಹಾ ಒಂದೇ ಷರತ್ತು ಹಾಕಿದರು, ಮೂಳೆಯನ್ನು ಹಲಾಲ್ ಅಂಗಡಿಯಿಂದ ತರಬೇಕು, ಇಲ್ಲದಿದ್ದರೆ ತಾನು ರುಚಿ ನೋಡುವಂತಿಲ್ಲ. ಲಾನ್ ಒಪ್ಪಿದರು. ಅವತ್ತಿನಿಂದ ಈ ಅಂಗಡಿಯ ನಾಲಿಗೆ ಸಾಲೆಹಾ. ಹೊರಗೆ ಟೇಬಲ್ಲುಗಳಲ್ಲಿ ಕೂತವರು ಲಾನ್ ಅವರ ಕೈರುಚಿ ಎಂದು ಹೊಗಳುತ್ತಾರೆ. ಒಳಗಿರುವ ಸಾಲೆಹಾಗೆ ಅದು ಕೇಳಿಸುತ್ತದೆ. ಬೇಜಾರಿಲ್ಲವೇ? "ರೆಸಿಪಿ ಅವರದೇ ಅಲ್ವಾ ಮೇಡಂ."

ತರಕಾರಿ ಸಾರು ಮಾತ್ರ ಪೂರ್ತಿ ಸಾಲೆಹಾ ಅವರದು. ಅಕ್ಕಪಕ್ಕದಲ್ಲಿ ಇಷ್ಟೊಂದು ಸಸ್ಯಾಹಾರಿಗಳಿದ್ದಾರೆ, ಅವರಿಗೂ ಒಂದು ಪಾತ್ರೆ ಇಡೋಣ ಎಂದು ಒಡತಿಯನ್ನು ಒಪ್ಪಿಸಿದವರು ಅವರೇ. ಮೀನಿನ ಸಾಸ್ ಇಲ್ಲದೆ ಆ ರುಚಿ ತರಲು ನಾಲ್ಕು ತಿಂಗಳು ಒದ್ದಾಡಿದ್ದಾರೆ. ಸೌಟು ಬೇರೆ, ಜರಡಿ ಬೇರೆ, ಕತ್ತರಿಸುವ ಹಲಗೆ ಬೇರೆ. ಈಗ ದಿನಕ್ಕೆ ಸುಮಾರು ನೂರನಲವತ್ತು ಬೌಲ್ ಹೋದರೆ ಅದರಲ್ಲಿ ಅರವತ್ತು ತರಕಾರಿಯದು. ಇಪ್ಪತ್ತು ಕಿಲೋ ತರಕಾರಿ, ಐದು ಕಿಲೋ ಈರುಳ್ಳಿ, ಎಂಟು ಗಂಟೆ ನಿಂತೇ ಕೆಲಸ. ಫೋನು ಎಣಿಸುವ ಹೆಜ್ಜೆ ಹದಿನಾಲ್ಕು ಸಾವಿರ, "ಅದೂ ಹದಿನೈದು ಅಡಿ ಉದ್ದದ ಕಿಚನ್ನಿನೊಳಗೆ!"

ಮೊದಲೆಲ್ಲ ರಂಜಾನಿನಲ್ಲಿ ರುಚಿ ನೋಡಲು ಲಾನ್ ಅವರ ಅಕ್ಕ ಇದ್ದರು. 2023ರ ಕೊನೆಗೆ ಅವರು ಮಗನ ಮನೆಗೆಂದು ಬೇರೆ ಊರಿಗೆ ಹೋದರು. ಬೆಳಿಗ್ಗೆ ಅಂಗಡಿಯಲ್ಲಿ ಉಳಿಯುವವರು ಇಬ್ಬರೇ, ರುಚಿ ತಿಳಿಯದ ಒಡತಿ ಮತ್ತು ರುಚಿ ನೋಡದ ಅಡುಗೆಯವರು. ಸಾಲೆಹಾ ಮನೆಯಲ್ಲೂ ಎಲ್ಲರಿಗೂ ರೋಜಾ. ಹೋದ ವರ್ಷ ಸಾಲೆಹಾ ಎಲ್ಲವನ್ನೂ ಲ್ಯಾಬಿನವರ ಹಾಗೆ ಅಳತೆ ಮಾಡಿ, ಮೂಗನ್ನು ನಂಬಿ ನಡೆಸಿದರು. ಹನ್ನೆರಡು ದಿನ ನಡೆಯಿತು.

ಹದಿಮೂರನೆಯ ದಿನ ಶನಿವಾರ. ಬೆಳಿಗ್ಗೆ ಹನ್ನೊಂದೂವರೆಗೇ ಜನ ತುಂಬಿದ್ದರು, ತರಕಾರಿ ಪಾತ್ರೆ ಅರ್ಧಕ್ಕಿಳಿದಿತ್ತು. ಹಿಂದಿನ ಒಲೆಯ ಮೇಲೆ ಎರಡೂ ಸಾರಿನ ಹೆಚ್ಚುವರಿಯನ್ನು ಒಂದೇ ಥರದ ಎರಡು ಸಣ್ಣ ಪಾತ್ರೆಗಳಲ್ಲಿ ಬಿಸಿಯಾಗಿ ಇಡುವುದು ರೂಢಿ. ಜಿಡ್ಡು ತೆಗೆದು ಸೋಸಿದ ಮೇಲೆ ಎರಡರ ಬಣ್ಣವೂ ತೆಳು ಟೀ ಬಣ್ಣ, ಎರಡರಲ್ಲೂ ಅದೇ ಚಕ್ಕೆ, ಅದೇ ಸುಟ್ಟ ಶುಂಠಿಯ ಘಮ. ಸಾಲೆಹಾ ಎರಡು ಜಗ್ಗು ಮೊಗೆದು ತರಕಾರಿ ಪಾತ್ರೆಗೆ ಸುರಿದರು. ಬೇರೆ ತಿಂಗಳಾಗಿದ್ದರೆ ಸುರಿದ ಮರುಕ್ಷಣ ಒಂದು ಚಮಚ ಬಾಯಿಗೆ ಹೋಗಿರುತ್ತಿತ್ತು. ಅವತ್ತು ಹೋಗಲಿಲ್ಲ.

"ಹತ್ತು ನಿಮಿಷ ಬಿಟ್ಟು ಸೌಟು ಇಡೋ ಸ್ಟೀಲ್ ತಟ್ಟೆ ನೋಡ್ತೀನಿ, ಬಿದ್ದ ಹನಿ ಮೇಲೆ ಬೆಳ್ಳಗೆ ಪೊರೆ ಕಟ್ಟಿದೆ," ಎಂದು ಸಾಲೆಹಾ ಹೇಳುವಾಗ ಕೈ ತಾನಾಗಿ ಆ ತಟ್ಟೆಯತ್ತ ಹೋಗುತ್ತದೆ. "ತರಕಾರಿ ಸಾರು ಆರಿದ್ರೆ ಹಾಗೆ ಕಟ್ಟಲ್ಲ ಮೇಡಂ. ಕಟ್ಟೋದು ಮೂಳೆ ಸಾರು."

ಅಷ್ಟರಲ್ಲಿ ಮೂರು ಟೇಬಲ್ಲಿಗೆ ಏಳು ಬೌಲ್ ಹೋಗಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಉಳಿದ ಸಾರನ್ನು ಚೆಲ್ಲಿ ‘ತರಕಾರಿಯದು ಮುಗಿದಿದೆ’ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಾಲೆಹಾ ಏಪ್ರನ್ನಿನಲ್ಲೇ ಟೇಬಲ್ಲುಗಳ ನಡುವೆ ಹೋಗಿ ನಿಂತರು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಎರಡು ಟೇಬಲ್ಲಿನವರು ಕನ್ನಡದವರೆಂದು ಗೊತ್ತಿದ್ದರಿಂದ ಕನ್ನಡದಲ್ಲಿ ಹೇಳಿದರು. "ದಯವಿಟ್ಟು ಎಲ್ಲರೂ ಚಮಚ ಕೆಳಗಿಡಿ. ತರಕಾರಿ ಸಾರಿಗೆ ಮೂಳೆ ಸಾರು ಸೇರಿದೆ. ನನ್ನ ಕೈಯಿಂದಾನೇ ಆಗಿರೋ ತಪ್ಪು."

ಒಬ್ಬ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದರು. ಇನ್ನೊಬ್ಬರು ಫೋನು ತೆಗೆದು ರೆಕಾರ್ಡ್ ಮಾಡಲು ಶುರು ಮಾಡಿದರು. ಮೂಲೆಯ ಟೇಬಲ್ಲಿನಲ್ಲಿ ಮಗಳ ಜೊತೆ ಕೂತಿದ್ದ ಬಸವಂತಪ್ಪನವರ ಬೌಲ್ ಖಾಲಿಯಾಗಿತ್ತು. ತಳದ ಸಾರನ್ನೂ ಎತ್ತಿ ಕುಡಿದಿದ್ದರು. ಅವರು ಎದ್ದು, ಮಗಳ ಹೆಗಲು ಹಿಡಿದುಕೊಂಡು ಹೊರಗೆ ಹೋದರು. "ಬೈದಿದ್ರೆ ತಡ್ಕೋತಿದ್ದೆ," ಎನ್ನುತ್ತಾರೆ ಸಾಲೆಹಾ. "ಅವ್ರು ಬೈಲಿಲ್ಲ." ಹೈಸ್ಕೂಲಿನಲ್ಲಿ ಓದುವ ಮಗಳು ಮುನೀಬಾ ಅವತ್ತು ಸಂಜೆ ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮಿ, ಯಾಕೆ ಹೇಳಿದೆ? ನೋ ಒನ್ ವುಡ್ ನೋ!"

ಸಂಜೆಯ ಹೊತ್ತಿಗೆ ಮೆಸೇಜು ಎಲ್ಲ ವಾಟ್ಸಾಪ್ ಗುಂಪುಗಳಿಗೂ ತಲುಪಿತ್ತು. ‘ವೆಜ್ ಎಂದು ಹೇಳಿ ಬೀಫ್ ತಿನ್ನಿಸುವ ಹೋಟೆಲ್, ಎಚ್ಚರ!’ ತಿನ್ನಿಸಿದವರೇ ಬಂದು ಹೇಳಿದರು ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಅಡುಗೆಯವರ ಹೆಸರಂತೂ ದಪ್ಪ ಅಕ್ಷರದಲ್ಲಿತ್ತು. ಆ ಹೆಸರು ಯಾಕೆ ದಪ್ಪ ಅಕ್ಷರದಲ್ಲಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ನಾನೂ ಫಾರ್ವರ್ಡ್ ಮಾಡಿದ್ದೆ. ಅಂಗಡಿಯ ಬಾಗಿಲು ತುಳಿಯದೆ, ಯಾರನ್ನೂ ಒಂದು ಮಾತು ಕೇಳದೆ, ಸೋಫಾದ ಮೇಲೆ ಕಾಲು ಚಾಚಿ ಕೂತು ಮೂರು ಗುಂಪಿಗೆ ಕಳಿಸಿದೆ. ಪತ್ರಿಕೆಗೆ ಬರೆಯುವವಳು ನಾನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದನ್ನು ಬಾಯಿಪಾಠ ಮಾಡಿದವಳು. ಇಲ್ಲಿಗೆ ಬರಲು ನಾಚಿಕೆಯಾಗಿ ಒಂದು ವರ್ಷ ತಡಮಾಡಿದ್ದೇನೆ.

ಇದನ್ನು ಸಾಲೆಹಾಗೆ ಹೇಳದೆ ಈ ಲೇಖನ ಬರೆಯುವುದು ಸಾಧ್ಯವಿರಲಿಲ್ಲ. ಮೂಲಂಗಿ ಹೆಚ್ಚುತ್ತಿದ್ದವರು ತಲೆ ಎತ್ತದೆ ಕೇಳಿಸಿಕೊಂಡರು. ಆಮೇಲೆ, "ನಂಗೂ ಬಂದಿತ್ತು ಮೇಡಂ, ಹದಿನೇಳು ಸಲ" ಎಂದರು. "ನಿಮ್ಮ ಗುಂಪಿಂದ ಬಂದಿದ್ದು ಯಾವ್ದೋ ಗೊತ್ತಿಲ್ಲ." ನಾನು ಕ್ಷಮೆ ಕೇಳಿದೆ. ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. ಮೂಲಂಗಿ ಹೆಚ್ಚುವುದನ್ನು ಮುಂದುವರಿಸಿದರು. ಅದು ನ್ಯಾಯವೇ ಎಂದು ನನಗೂ ಅನಿಸಿತು.

ಮುಂದಿನ ಎಂಟು ದಿನ ತರಕಾರಿ ಬೌಲ್ ಕೇಳಿದವರು ಒಟ್ಟು ಏಳು ಜನ, ಅವರಲ್ಲಿ ನಮ್ಮವರು ಒಬ್ಬರೂ ಇಲ್ಲ. ದಿನಾ ರಾಶಿ ಸಾರು ಮೋರಿಗೆ ಹೋಯಿತು. ಲಾನ್ ಒಳ್ಳೆಯವರೇ, ಆದರೆ ಅಂಗಡಿ ನಡೆಸುವವರು. "ಸಾಲೆ, ಟೂ ಪಾಟ್ಸ್, ಟೂ ಮಚ್ ಟ್ರಬಲ್" ಎಂದು ಭಾನುವಾರ ಸಂಜೆಗೆ ಪಾತ್ರೆ ಇಳಿಸಲು ಗಡುವು ಕೊಟ್ಟರು. ಆ ಭಾನುವಾರ ಬೆಳಿಗ್ಗೆ, ಅಂಗಡಿ ತೆರೆಯುವ ಮೊದಲೇ ಗಾಜಿನ ಬಾಗಿಲು ತಟ್ಟಿದವರು ಬಸವಂತಪ್ಪ. ಒಬ್ಬರೇ ಬಂದಿದ್ದರು, ಮಗಳಿಗೆ ವಾಕಿಂಗ್ ಎಂದು ಹೇಳಿ.

ಇಲ್ಲಿಂದ ಮುಂದಿನದನ್ನು ಅವರ ಬಾಯಲ್ಲೇ ಕೇಳುವ ಅವಕಾಶ ನನ್ನದು, ಏಕೆಂದರೆ ಗಡಿಯಾರ ಹತ್ತೂವರೆ ತೋರಿಸುತ್ತಿದೆ, ಬಿಳಿ ಅಂಗಿ, ಉಣ್ಣೆಯ ಟೋಪಿ ಹಾಕಿಕೊಂಡ ಬಸವಂತಪ್ಪ ಒಳಗೆ ಬಂದು ಕೌಂಟರಿನ ಎದುರಿನ ಎತ್ತರದ ಸ್ಟೂಲಿನ ಮೇಲೆ ಕೂತಿದ್ದಾರೆ. ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿ ಮೂವತ್ತು ವರ್ಷ ನೂಲಿನ ಗುಣಮಟ್ಟ ನೋಡುವ ಕೆಲಸ ಮಾಡಿದವರು.

"ಸುಳ್ಳು ಯಾಕೆ ಹೇಳ್ಲಿ, ಸಿಟ್ಟು ಬಂದಿತ್ತು," ಎನ್ನುತ್ತಾರೆ. "ಮನಿಗೆ ಹೋಗಿ ತಲೆ ಮೇಲೆ ನೀರು ಹಾಕ್ಕೊಂಡೆ. ಮೂರು ದಿನ ಲಿಂಗಪೂಜೆಗೆ ಕುಂತ್ರೆ ಅದೇ ನೆನಪಾಗ್ತಿತ್ತು. ನಾಕನೇ ದಿನ ಯೋಚನೆ ಬಂತು. ಈ ಹೆಣ್ಮಗಳು ಬಾಯಿ ಮುಚ್ಕೊಂಡಿದ್ರೆ ನನಗೆ ಸಾಯೋತನಕ ಗೊತ್ತಾಗ್ತಿರ್ಲಿಲ್ಲ. ಹೇಳಿದೋರ ಅಂಗಡಿ ಬಿಟ್ರೆ, ಇನ್ನು ಹೇಳದೆ ಇರೋರ ಅಂಗಡಿಗೆ ಹೋಗಿ ಉಣ್ಣಬೇಕಾಗತ್ತೆ. ಅದು ಯಾವ ಬುದ್ಧಿವಂತಿಕೆ?"

ಅವತ್ತು ಅವರು ಸಾಲೆಹಾಗೆ ಹೇಳಿದ್ದನ್ನು ಸಾಲೆಹಾ ಅಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಾರೆ. "ನಿಮ್ಮ ರೋಜಾ ಮುಗಿಯೋತನಕ ನಾನು ಬಂದು ನೋಡ್ತೀನಿ ತಂಗಿ. ಮತ್ತೆ ತಪ್ಪಾದ್ರೆ ನನ್ನೊಬ್ಬನ ಬಾಯಿಗೆ ಹೋಗ್ಲಿ, ಊರ ಮಂದಿ ಬಾಯಿಗೆ ಬ್ಯಾಡ. ಈ ಊರಾಗೆ ಅದರ ರುಚಿ ಗೊತ್ತಿರೋ ಶುದ್ಧ ಶಾಕಾಹಾರಿ ನಾನೊಬ್ನೇ ಕಣವ್ವ, ಅದೂ ನಿನ್ನ ಕೃಪೆ!" ಎಂಟು ದಿನದಿಂದ ಹಿಡಿದಿಟ್ಟುಕೊಂಡಿದ್ದ ಅಳು ಆಗ ಬಂತು ಎಂದು ಸಾಲೆಹಾ ಹೇಳುತ್ತಾರೆ. ನಗುತ್ತಾ ಅತ್ತರಂತೆ.

ಅದೇ ವಾಟ್ಸಾಪ್ ಗುಂಪುಗಳಲ್ಲಿ, ಬಸವಂತಪ್ಪ ತಾತ ದಿನಾ ಬೆಳಿಗ್ಗೆ ಅಲ್ಲಿ ರುಚಿ ನೋಡುತ್ತಾರೆ ಎಂದು ಯಾರೋ ಹಾಕಿದರು. ಆ ಮೆಸೇಜು ಹದಿನೇಳು ಸಲ ಓಡಾಡಲಿಲ್ಲ, ಒಳ್ಳೆಯ ಸುದ್ದಿಗೆ ಕಾಲು ಸ್ವಲ್ಪ ಕುಂಟು. ಆದರೂ ಒಬ್ಬೊಬ್ಬರಾಗಿ ಜನ ಮರಳಿದರು. ಅರವತ್ತು ಬೌಲಿಗೆ ಮುಟ್ಟಲು ಆರು ತಿಂಗಳು ಹಿಡಿಯಿತು. ಸಾಲೆಹಾ ತರಕಾರಿಯ ಹೆಚ್ಚುವರಿ ಸಾರನ್ನು ಬೇರೆ ಒಲೆಗೆ, ಬೇರೆ ಆಕಾರದ ಪಾತ್ರೆಗೆ ಸಾಗಿಸಿದರು. ಹೊಸದೊಂದು ಪದ್ಧತಿಯನ್ನೂ ತಂದರು. ಫ್ರಿಜ್ಜಿನಲ್ಲಿ ಒಂದು ಸ್ಟೀಲ್ ತಟ್ಟೆ ತಣ್ಣಗಿರುತ್ತದೆ, ಪ್ರತಿ ಸಲ ಪಾತ್ರೆಗೆ ಏನಾದರೂ ಸುರಿದಾಗ ಅದರ ಮೇಲೆ ನಾಲ್ಕು ಹನಿ ಬೀಳುತ್ತದೆ. ಪೊರೆ ಕಟ್ಟಲಿಲ್ಲವೆಂದರೆ ಮಾತ್ರ ಮುಂದಿನದು. ಆದರೆ ಉಪ್ಪು, ಹುಳಿ, ಖಾರ ಹೇಳುವ ತಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದಕ್ಕೆ ಮನುಷ್ಯರೇ ಬೇಕು.

"ನಾಳೆಯಿಂದ ರುಚಿ ನೋಡ್ತೀರಾ ಅಂತ ಇಬ್ರನ್ನ ಕೇಳ್ದೆ," ಎನ್ನುತ್ತಾರೆ ಸಾಲೆಹಾ. "ಒಬ್ರಿಗೆ ಆಫೀಸು. ಇನ್ನೊಬ್ರು, ಅಯ್ಯೋ ಆ ಹೋಟೆಲ್ಲಾ ಅಂದ್ರು. ಇನ್ನು ಮೂರನೇವ್ರನ್ನ ಕೇಳೋಕೆ ನಂಗೆ ಧೈರ್ಯ ಆಗ್ಲಿಲ್ಲ." ಲಾನ್ ಕ್ಯಾಷ್ ಕೌಂಟರಿನಲ್ಲಿ ಕೂತು ನಾಳೆಯ ಮೆನು ಹಲಗೆ ಒರೆಸುತ್ತಿದ್ದಾರೆ. ತರಕಾರಿ ಫೋ ಎಂದಿದ್ದ ಸಾಲಿನ ಮೇಲೆ ಬಟ್ಟೆ ಹಿಡಿದು, ಸಾಲೆಹಾ ಮುಖ ನೋಡಿ, ಒರೆಸದೆ ನಿಲ್ಲಿಸಿದ್ದಾರೆ.

ಸಾಲೆಹಾ ತಣ್ಣನೆಯ ತಟ್ಟೆ ತಂದು ನಾಲ್ಕು ಹನಿ ಬಿಡುತ್ತಾರೆ. ಒಂದು ನಿಮಿಷ ಕಾಯುತ್ತೇವೆ. ಪೊರೆಯಿಲ್ಲ. ಆಮೇಲೆ ಪುಟ್ಟ ಬಟ್ಟಲಿನಲ್ಲಿ ಎರಡು ಚಮಚದಷ್ಟು ಬಿಸಿ ಸಾರು ತಂದು ಬಸವಂತಪ್ಪನವರ ಮುಂದಿಡುತ್ತಾರೆ. ಅವರು ಬಟ್ಟಲನ್ನು ಮುಟ್ಟುವುದಿಲ್ಲ. ಒಂದು ಬೆರಳಿನಿಂದ ಅದನ್ನು ಕೌಂಟರಿನ ಮೇಲೆ ಜರುಗಿಸಿ ನನ್ನ ಮುಂದೆ ತಂದು ನಿಲ್ಲಿಸುತ್ತಾರೆ. ನಾನು ಒಪ್ಪಿಕೊಂಡದ್ದನ್ನು ಸಾಲೆಹಾ ಈ ಹಿರಿಯರಿಗೆ ಯಾವಾಗ ಹೇಳಿದರೋ.

"ರುಚಿ ನೋಡದೆ ಊರಿಗೆಲ್ಲ ಹೇಳಿದ್ರಂತಲ್ಲ ಮೇಡಮ್ಮೋರೆ," ಎನ್ನುತ್ತಾರೆ ಬಸವಂತಪ್ಪ. "ಈಗ ರುಚಿ ನೋಡಿ ಹೇಳ್ರಿ."

ಚಮಚ ಎತ್ತಿ ಬಾಯಿಗೆ ಹಾಕುತ್ತೇನೆ. ಮೊದಲು ಸುಟ್ಟ ಶುಂಠಿ, ಹಿಂದೆಯೇ ಜೋಳದ ದಿಂಡಿನ ಸಿಹಿ, ಕೊನೆಗೆ ಗಂಟಲಲ್ಲಿ ಉಳಿಯುವ ಚಕ್ರಮೊಗ್ಗು. ಐದು ವರ್ಷ ಐದು ನಿಮಿಷದ ದೂರದಲ್ಲಿ ಇದನ್ನು ಇಟ್ಟುಕೊಂಡು ನಾನು ಎಲ್ಲೆಲ್ಲಿ ಅಲೆದೆನಲ್ಲ ಎಂದು ಹೊಟ್ಟೆ ಉರಿಯುತ್ತದೆ. ಆದರೆ ಒಂದು ಕೊರತೆ ಇದೆ. ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಅತ್ಯುತ್ತಮವಾಗಿದೆ ಎಂದು ಹೊಗಳಿ, ಒಂದು ವರ್ಷದ ನಾಚಿಕೆಯನ್ನು ತೊಳೆದುಕೊಳ್ಳುವುದು ನನಗೆ ಬಹಳ ಸುಲಭ.

"ಉಪ್ಪು ಸ್ವಲ್ಪ ಕಡಿಮೆ," ಎನ್ನುತ್ತೇನೆ.

ಬಸವಂತಪ್ಪ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡು ಉಳಿದ ಚಮಚವನ್ನು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ಹೌದೆಂದು ತಲೆಯಾಡಿಸುತ್ತಾರೆ. ಸಾಲೆಹಾ ಒಳಗೆ ಹೋಗಿ ಅಳತೆಯ ಚಮಚದಲ್ಲಿ ಉಪ್ಪು ತುಂಬಿ, ಬೆರಳಿನಿಂದ ಸಮ ಮಾಡಿ, ಬಲಗಡೆಯ ಪಾತ್ರೆಗೆ ಸುರಿದು ನಿಧಾನವಾಗಿ ತಿರುಗಿಸುತ್ತಾರೆ. ಬೆಳಿಗ್ಗೆ ಏಳರಿಂದ ನಾನು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದವರು ಈಗ ಮೊದಲ ಸಲ ತಾವಾಗಿ ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ.

"ನಾಳೆ ಹತ್ತೂವರೆಗೆ ಬರ್ತೀರಲ್ಲ ಮೇಡಂ?"